ಐದು ಪಟ್ಟಿಗಳು, ಒಂದು ದನಿ

ಹಾಡುವ ಪೆಟ್ಟಿಗೆ ಮನೆಯ ಚಾವಡಿಯಿಂದ ಅಂಗಿಯ ಕಿಸೆಗೆ ಇಳಿದು ಬಂದದ್ದು ನಮ್ಮ ತಲೆಮಾರಿನವರು ಕಣ್ಣಾರೆ ಕಂಡ ಬದಲಾವಣೆ. ಫಿಲಿಪ್ಸ್ ಕಂಪೆನಿಯು ಕ್ಯಾಸೆಟ್ಟನ್ನು ಲೋಕಕ್ಕೆ ಪರಿಚಯಿಸಿದ್ದು 1963ರಲ್ಲಿ. ನಡೆಯುತ್ತ ಕೇಳಬಹುದಾದ ಸೋನಿಯ ವಾಕ್‌ಮನ್ ಬಂದದ್ದು 1979ರಲ್ಲಿ. ಸಾವಿರ ಹಾಡುಗಳನ್ನು ಅಂಗೈಯಗಲದಲ್ಲಿ ಅಡಗಿಸಿದ ಆಪಲ್ ಕಂಪೆನಿಯ ಐಪಾಡ್ 2001ರಲ್ಲಿ. ಕಾಸರಗೋಡಿನ ಹಳ್ಳಿಮನೆಗಳಿಗೆ ಈ ಯಂತ್ರಗಳು ಬಹುಪಾಲು ಕೊಲ್ಲಿ ದೇಶಗಳ ದಾರಿಯಾಗಿ ಬಂದವು. ದುಡಿಯಲು ಹೋದ ನೆರೆಮನೆಯವರು ರಜೆಯಲ್ಲಿ ಬರುವಾಗ ಅತ್ತರಿನ ಸೀಸೆ, ಕಂಬಳಿಗಳ ಜೊತೆಗೆ ಒಂದು ಟೇಪ್ ರೆಕಾರ್ಡರನ್ನೂ ಹೊತ್ತು ತರುತ್ತಿದ್ದರು. ಇಂದು ಅವೆಲ್ಲವೂ ಅಟ್ಟ ಸೇರಿವೆ. ಪ್ಲೇಯರ್ ಎಂಬುದು ಬೆಂಕಿಪೆಟ್ಟಿಗೆಯಷ್ಟಾಗಿದೆ, ಇಲ್ಲವೇ ಮೊಬೈಲಿನೊಳಗೆ ಕರಗಿಹೋಗಿದೆ.

ಆ ಪುಟ್ಟ ಯಂತ್ರದೊಳಗೆ ಹೆಚ್ಚಿನವರು ಬಾಗಿಲು ತೆರೆದು ನೋಡದ ಒಂದು ಕೋಣೆಯಿದೆ. ಅದರ ಹೆಸರು ಈಕ್ವಲೈಸರ್. ‘ಸಮಗೊಳಿಸುವುದು’ ಎಂಬುದು ಆ ಮಾತಿನ ನೇರವಾದ ಅರ್ಥ. ಮೊದಲಿಗೆ ಈ ಹೆಸರು ಸಂಗೀತಕ್ಕೆ ಸೇರಿದ್ದಾಗಿರಲಿಲ್ಲ. ದೂರದ ಊರುಗಳ ನಡುವೆ ಎಳೆದ ಟೆಲಿಫೋನ್ ತಂತಿಯಲ್ಲಿ ಮಾತು ಸಾಗುವಾಗ ಅದರ ಎಲ್ಲ ಅಂಶಗಳೂ ಸಮನಾಗಿ ಸಾಗುವುದಿಲ್ಲ. ತೀಕ್ಷ್ಣವಾದ ಸ್ವರಾಂಶಗಳು ದಾರಿಯಲ್ಲಿ ಹೆಚ್ಚು ಸೊರಗುತ್ತವೆ. ಹಾಗೆ ಸೊರಗಿದ್ದನ್ನು ತುಂಬಿ, ಹೊರಟಾಗ ಇದ್ದ ಪ್ರಮಾಣಕ್ಕೆ ಮಾತನ್ನು ಮರಳಿಸುವ ಸಲಕರಣೆಗೆ ಟೆಲಿಫೋನ್ ಎಂಜಿನಿಯರರು ಈ ಹೆಸರನ್ನು ಬಳಸಿದರು. ಅಂದರೆ ಅದರ ಮೂಲ ಉದ್ದೇಶ ಅಲಂಕಾರವಲ್ಲ. ದೂರ ಸಾಗಿ ಬಂದ ದನಿಯು ದಾರಿಯಲ್ಲಿ ಕಳೆದುಕೊಂಡದ್ದನ್ನು ಮರಳಿ ಕೊಡುವುದು ಅದರ ಕೆಲಸ. ಈ ಸಂಗತಿ ತಿಳಿದ ದಿನ ಆ ಸಲಕರಣೆಯ ಮೇಲೆ ನಮಗೆ ವಿಶೇಷವಾದ ಗೌರವ ಹುಟ್ಟಿತು. ಏಕೆಂದರೆ ನಮ್ಮ ಮನೆಯಲ್ಲೂ ಬಹಳ ದೂರದಿಂದ ಬರಬೇಕಾದ ಒಂದು ದನಿಯಿತ್ತು.

ನಾವು ಮೂವರು ಒಡಹುಟ್ಟಿದವರು. ನಮ್ಮ ತಂದೆಯವರು ಅಡಿಕೆ ತೋಟದ ಕೃಷಿಕರು. ಬಿಡುವಿನಲ್ಲಿ ತಾಳಮದ್ದಳೆಯ ಅರ್ಥಧಾರಿಗಳು. ಹೆಸರಾಂತ ಕಲಾವಿದರ ಸಾಲಿಗೆ ಸೇರಿದವರಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಮಹಾನುಭಾವರ ಅರ್ಥಗಾರಿಕೆಯನ್ನು ಕೇಳಿ ಬೆಳೆದ ನೂರಾರು ಮಂದಿ ಹವ್ಯಾಸಿಗಳು ಈ ಸೀಮೆಯಲ್ಲಿದ್ದರು, ಅವರಲ್ಲೊಬ್ಬರು. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ರಾತ್ರಿಗಳಲ್ಲಿ ಮನೆಮನೆಯ ಚಾವಡಿಯಲ್ಲಿ ತಾಳಮದ್ದಳೆ ನಡೆಯುತ್ತಿತ್ತು. ಅಂಥ ಒಂದು ಆಟಿ ತಿಂಗಳ ರಾತ್ರಿ ನಮ್ಮ ಮನೆಯಲ್ಲೇ ‘ವಾಲಿಮೋಕ್ಷ’ ಪ್ರಸಂಗ ನಡೆಯಿತು. ತಂದೆಯವರದು ವಾಲಿಯ ಅರ್ಥ. ನಮ್ಮ ಸೋದರಮಾವ ತಮ್ಮ ಟೇಪ್ ರೆಕಾರ್ಡರನ್ನು ಕಂಬದ ಬುಡದಲ್ಲಿಟ್ಟು ಅದನ್ನು ಮುದ್ರಿಸಿಕೊಂಡರು. ತಂದೆಯವರು ತೀರಿಕೊಂಡು ಎರಡು ದಶಕಗಳು ಕಳೆದ ಮೇಲೆ ಅವರ ದನಿಯೆಂದು ಉಳಿದದ್ದು 90 ನಿಮಿಷದ ಆ ಎರಡು ಕ್ಯಾಸೆಟ್ಟುಗಳು ಮಾತ್ರ.

ಅವುಗಳನ್ನು ಕಂಪ್ಯೂಟರಿಗೆ ಇಳಿಸಿ, ಅಲ್ಲಿಂದ ಒಂದು ಪುಟ್ಟ ಪ್ಲೇಯರಿಗೆ ತುಂಬಿ, ಅಮ್ಮನ ಕೈಗೆ ಕೊಡುವುದೆಂದು ನಾವು ನಿಶ್ಚಯಿಸಿದೆವು. ಇಳಿಸುವ ಕೆಲಸವು ತಾಳ್ಮೆ ಬೇಡುವಂಥದು. ಹಳೆಯ ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಹೆಡ್ ಒಂದು ಕೂದಲೆಳೆಯಷ್ಟು ಓರೆಯಾಗಿದ್ದರೂ ತೀಕ್ಷ್ಣ ಸ್ವರಗಳು ಮಾಯವಾಗುತ್ತವೆ. ಅದನ್ನು ಸಣ್ಣ ತಿರುಪುಮೊಳೆಯಿಂದ ಸರಿಪಡಿಸಬೇಕು. ಇದನ್ನು ಮೊದಲು ಮಾಡದೆ ಮುಂದೆ ಈಕ್ವಲೈಸರಿನಿಂದ ಎಷ್ಟು ಹೆಣಗಿದರೂ ಫಲವಿಲ್ಲ. ಮೂಲದಲ್ಲಿ ಹಿಡಿಯದೆ ಬಿಟ್ಟದ್ದನ್ನು ಯಾವ ಸಲಕರಣೆಯೂ ಆಮೇಲೆ ತಂದು ಕೊಡಲಾರದು.

ಅಮ್ಮ ಪ್ಲೇಯರನ್ನು ಕಿವಿಗಿಟ್ಟುಕೊಂಡು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಹೇಳಿದರು: “ಅಪ್ಪನ ಸ್ವರ ಹೌದು. ಆದರೆ ಎಂತ ಹೇಳುದು ಅಂತ ಗೊತ್ತಾಗುದಿಲ್ಲ.”

ಈ ಒಂದು ಮಾತಿನಲ್ಲಿ ಮುಪ್ಪಿನ ಕಿವುಡಿನ ಲಕ್ಷಣವೆಲ್ಲ ಅಡಗಿದೆ. ಮನುಷ್ಯನ ಕಿವಿಯು ಸೆಕೆಂಡಿಗೆ 20 ಕಂಪನಗಳಿಂದ 20,000 ಕಂಪನಗಳವರೆಗಿನ ನಾದವನ್ನು ಗ್ರಹಿಸಬಲ್ಲದೆನ್ನುತ್ತಾರೆ. ಕಂಪನಗಳ ಈ ಲೆಕ್ಕಕ್ಕೆ ಹರ್ಟ್ಸ್ ಎಂದು ಹೆಸರು. ಪ್ರಾಯ ಏರಿದಂತೆ ಮೇಲಿನ ತುದಿಯಿಂದ ಕೇಳುವ ಶಕ್ತಿ ಕುಂದುತ್ತ ಬರುತ್ತದೆ. ಮಾತಿನ ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಮತ್ತು ನಡುವಿನ ಭಾಗದಲ್ಲಿದೆ. ಆದ್ದರಿಂದ ಅ, ಆ, ಓ ಎಂಬುವು ಉಳಿಯುತ್ತವೆ, ಯಾರ ದನಿಯೆಂಬುದೂ ತಿಳಿಯುತ್ತದೆ. ಸ, ಶ, ತ, ಕ ಮೊದಲಾದ ವ್ಯಂಜನಗಳನ್ನು ಒಂದರಿಂದ ಒಂದನ್ನು ಬೇರ್ಪಡಿಸುವ ಗುರುತುಗಳು ಬಹುಮಟ್ಟಿಗೆ 2,000 ಹರ್ಟ್ಸಿನಿಂದ ಮೇಲೆ ಇವೆ. ಸಕಾರದ ಸೀತ್ಕಾರವಂತೂ 4,000ವನ್ನೂ ದಾಟುತ್ತದೆ. ಅವು ಅಳಿಸಿಹೋದಾಗ ಮಾತು ಗೋಡೆಯಾಚೆಯ ಮಾತಿನಂತಾಗುತ್ತದೆ: ದನಿ ಉಂಟು, ಅರ್ಥವಿಲ್ಲ. ಅಂಥವರ ಕಿವಿಯ ಹತ್ತಿರ ನಾವು ಕೂಗಿ ಮಾತನಾಡುತ್ತೇವೆ. ಕೂಗಿದಾಗ ಹೆಚ್ಚು ಬಲಗೊಳ್ಳುವುದು ಸ್ವರಾಕ್ಷರಗಳೇ. ಅವರಿಗೆ ಬೇಕಾದದ್ದು ವ್ಯಂಜನಗಳು.

ಇಲ್ಲಿಂದ ನಮ್ಮ ಈಕ್ವಲೈಸರ್ ಅಭ್ಯಾಸ ಆರಂಭವಾಯಿತು. ಪ್ಲೇಯರಿನೊಳಗೆ ಮೊದಲು ಕಾಣುವುದು ಸಿದ್ಧಪಡಿಸಿಟ್ಟ ಹೆಸರುಗಳ ಒಂದು ಪಟ್ಟಿ: ನಾರ್ಮಲ್, ರಾಕ್, ಪಾಪ್, ಜಾಝ್, ಕ್ಲಾಸಿಕಲ್. ತಾಳಮದ್ದಳೆಗೆ ಅಲ್ಲಿ ಸ್ಥಾನವಿಲ್ಲ. ಸಿದ್ಧಪಟ್ಟಿಯಲ್ಲಿ ತಮ್ಮ ಹೆಸರಿಲ್ಲದಿರುವುದು ಗಡಿನಾಡಿನವರಿಗೆ ಹೊಸ ಅನುಭವವಲ್ಲವಾದುದರಿಂದ ನಾವು ವಿಚಲಿತರಾಗಲಿಲ್ಲ. ಪಟ್ಟಿಯ ಕೊನೆಯಲ್ಲಿ ‘ಯೂಸರ್’ ಎಂದಿರುತ್ತದೆ. ಬೇಕಾದಂತೆ ನೀವೇ ಹೊಂದಿಸಿಕೊಳ್ಳಿ ಎಂದು ಅದರ ಅರ್ಥ. ಅದನ್ನು ಒತ್ತಿದರೆ ಐದು ಲಂಬ ಗೆರೆಗಳು ತೆರೆದುಕೊಳ್ಳುತ್ತವೆ. ಒಂದೊಂದರ ಮೇಲೂ ಮೇಲೆ ಕೆಳಗೆ ಸರಿಯುವ ಒಂದೊಂದು ಗುಬುಟು. ಕೆಳಗೆ ಬರೆದಿರುವ ಅಂಕಿಗಳು 60, 230, 910, 3,600, 14,000. ಇವು ನಾದದ ಐದು ಪಟ್ಟಿಗಳ ನಡುಬಿಂದುಗಳು. ಉದಾಹರಣೆಗೆ 3,600ರ ಗುಬುಟನ್ನು ಸರಿಸಿದರೆ ಸುಮಾರು 1,800ರಿಂದ 7,000 ಹರ್ಟ್ಸಿನವರೆಗಿನ ನೆರೆಹೊರೆಯೆಲ್ಲ ಅದರೊಡನೆ ಏರುತ್ತದೆ, ಇಳಿಯುತ್ತದೆ. ಏರಿಳಿತದ ಅಳತೆ ಡೆಸಿಬೆಲ್. 6 ಡೆಸಿಬೆಲ್ ಏರಿಸಿದರೆ ಅಲೆಯ ಎತ್ತರ ಇಮ್ಮಡಿಯಾಗುತ್ತದೆ; ಆದರೆ ಕಿವಿಗೆ ಸದ್ದು ಇಮ್ಮಡಿಯಾದಂತೆ ತೋರಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು.

ಒಂದೊಂದು ಪಟ್ಟಿಯನ್ನೂ ಬೇರೆ ಬೇರೆಯಾಗಿ ಏರಿಸಿ ಇಳಿಸಿ ಆಲಿಸಿದಾಗ, ಒಂದೇ ಧ್ವನಿಮುದ್ರಿಕೆಯೊಳಗೆ ಎಷ್ಟೊಂದು ಲೋಕಗಳು ವಾಸವಾಗಿವೆ ಎಂಬುದು ತಿಳಿಯಿತು. 60ರ ಪಟ್ಟಿಯಲ್ಲಿ ಟೇಪ್ ರೆಕಾರ್ಡರಿನ ಮೋಟರಿನ ಗುರುಗುರು, ವಿದ್ಯುತ್ತಿನ 50 ಹರ್ಟ್ಸಿನ ಗುಂಯ್‌ಗಾನ. ನಡುನಡುವೆ ಮಂದಲಿಗೆಯ ಮೇಲೆ ಯಾರೋ ಮಗ್ಗುಲು ಬದಲಾಯಿಸಿದ ಸದ್ದು. 230ರಲ್ಲಿ ಮದ್ದಳೆಯ ಎಡಮುಚ್ಚಿಗೆಯ ಗುಂ ಎಂಬ ನಾದ, ತಂದೆಯವರ ಎದೆಯ ದನಿ, ಚಾವಡಿಯ ಗೋಡೆಗಳ ಮಾರ್ದನಿ. 910ರಲ್ಲಿ ಭಾಗವತರ ಪದದ ಮೈಕಟ್ಟು. 3,600ರಲ್ಲಿ ಮಾತಿನ ಅಂಚುಗಳು, ಚಕ್ರತಾಳದ ಕಿಣಿಕಿಣಿ. 14,000ದಲ್ಲಿ ಸಂಗೀತವೂ ಇಲ್ಲ, ಮಾತೂ ಇಲ್ಲ. ಮನೆಬಳಕೆಯ ಸಾಮಾನ್ಯ ಟೇಪಿನಲ್ಲಿ ಅಷ್ಟು ಮೇಲಿನ ನಾದ ಹಿಡಿಯುವುದೇ ಇಲ್ಲ. ಅಲ್ಲಿ ಉಳಿದಿರುವುದು ಟೇಪಿನ ಸರಸರ ಸದ್ದು ಮಾತ್ರ.

ಹೀಗಿರುವಾಗ ಮಾತು ಸ್ಪಷ್ಟವಾಗಬೇಕಾದರೆ ಏನು ಮಾಡಬೇಕು? ಬೇಕಾದುದನ್ನು ಏರಿಸಬೇಕು ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಉತ್ತರ. ಆದರೆ ಡಿಜಿಟಲ್ ಧ್ವನಿಗೆ ಒಂದು ಚಾವಣಿಯಿದೆ. ಅದಾಗಲೇ ಚಾವಣಿಯ ಹತ್ತಿರವಿರುವ ನಾದವನ್ನು ಮತ್ತೆ ಮೇಲಕ್ಕೆ ದೂಡಿದರೆ ಅಲೆಯ ತಲೆ ಚಾವಣಿಗೆ ಬಡಿದು ಚಪ್ಪಟೆಯಾಗುತ್ತದೆ. ಕೇಳುವವರಿಗೆ ಬಿರುಕು ಬಿಟ್ಟ ಗಂಟೆಯಂತೆ ಕರ್ಕಶವಾಗುತ್ತದೆ. ಆದುದರಿಂದ ಬಲ್ಲವರು ಹೇಳುವ ಸೂತ್ರ ಬೇರೆ: ಏರಿಸುವುದಕ್ಕಿಂತ ಮೊದಲು ಇಳಿಸಿ. ಬೇಕಾದುದನ್ನು ಮುಚ್ಚಿಕೊಂಡಿರುವುದು ಯಾವುದೆಂದು ಹುಡುಕಿ ಅದನ್ನು ತಗ್ಗಿಸಿ. ಆಮೇಲೆ ಒಟ್ಟು ಧ್ವನಿಯನ್ನು ಹೆಚ್ಚಿಸಿಕೊಳ್ಳಿ. ನಾವು 60ರ ಗುಬುಟನ್ನು ತಳದವರೆಗೆ ಇಳಿಸಿದೆವು, ಮೋಟರು ಮೌನವಾಯಿತು. 14,000ವನ್ನೂ ಇಳಿಸಿದೆವು. 230ನ್ನು 5 ಡೆಸಿಬೆಲ್ ತಗ್ಗಿಸಿದಾಗ ಮಾತಿನ ಮೇಲೆ ಕವಿದಿದ್ದ ಮಂಜು ಸರಿಯಿತು. 910ನ್ನು ಇದ್ದಂತೆ ಬಿಟ್ಟೆವು. ಕೊನೆಗೆ 3,600ನ್ನು ಮಾತ್ರ 6 ಡೆಸಿಬೆಲ್ ಏರಿಸಿದೆವು.

ಅಮ್ಮನ ಮುಖದಲ್ಲಿ ಆದ ಬದಲಾವಣೆಯನ್ನು ವಿವರಿಸಲು ಹೋಗುವುದಿಲ್ಲ. ವಾಲಿಯು ನೆಲಕ್ಕುರುಳಿ, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಪ್ರಶ್ನಿಸುವ ಸಂದರ್ಭವದು. ಅಮ್ಮನ ತುಟಿಗಳು ಟೇಪಿಗಿಂತ ಅರ್ಧ ಮಾತು ಮುಂದಾಗಿಯೇ ಅಲುಗುತ್ತಿದ್ದವು.

ಒಂದು ವಿಷಯದಲ್ಲಿ ಮಾತ್ರ ಅಮ್ಮ ನಮ್ಮ ಕೈ ತಡೆದರು. ಆ ರಾತ್ರಿ ಹೊರಗೆ ಜಡಿಮಳೆ. ಅಂಗಳಕ್ಕೆ ಹೊದಿಸಿದ್ದ ಸೋಗೆಯ ಮೇಲೆ ಬಿದ್ದ ಮಳೆ ಟೇಪಿನ ಉದ್ದಕ್ಕೂ ಇದೆ. ಮಳೆಯ ಸದ್ದು ಒಂದು ಪಟ್ಟಿಗೆ ಸೇರಿದ್ದಲ್ಲ, ಎಲ್ಲ ಪಟ್ಟಿಗಳಲ್ಲೂ ಹರಡಿಕೊಂಡಿರುತ್ತದೆ. ಅದನ್ನು ತೆಗೆಯಹೊರಟರೆ ಮಾತಿನ ಶಕಾರ ಸಕಾರಗಳೂ ಅದರೊಡನೆ ಹೋಗುತ್ತವೆ. ಕಂಪ್ಯೂಟರಿನಲ್ಲಿ ಬೇರೆ ತಂತ್ರದಿಂದ ಅದನ್ನು ತಕ್ಕಮಟ್ಟಿಗೆ ಅಳಿಸಬಹುದೆಂದು ನಾವು ಹೇಳಿದಾಗ ಅಮ್ಮ, “ಮಳೆ ಇರಲಿ. ಮಳೆ ಇಲ್ಲದಿದ್ದರೆ ಅದು ಆ ರಾತ್ರಿ ಆಗುದಿಲ್ಲ” ಎಂದರು. ಚೆಂಡೆಯ ಸಂಗತಿಯೂ ಹೀಗೆಯೇ. ಚೆಂಡೆಯ ಏಟು ಕ್ಷಣಮಾತ್ರದ್ದು. ಅಂಥ ಚುರುಕಾದ ಸದ್ದು ಯಾವ ಒಂದು ಪಟ್ಟಿಯಲ್ಲೂ ನಿಲ್ಲದೆ ಎಲ್ಲೆಡೆ ಚಿಮ್ಮುತ್ತದೆ. ಅದನ್ನು ಮಾತಿನಿಂದ ಬಿಡಿಸುವುದು ಈಕ್ವಲೈಸರಿನ ಕೆಲಸವಲ್ಲ. ಅಲ್ಲದೆ ಹಳೆಯ ಟೇಪ್ ರೆಕಾರ್ಡರುಗಳಲ್ಲಿ ಧ್ವನಿಮಟ್ಟವನ್ನು ತಾನೇ ಹೊಂದಿಸಿಕೊಳ್ಳುವ ಏರ್ಪಾಡು ಇರುತ್ತಿತ್ತು. ಚೆಂಡೆ ಮೊಳಗಿದೊಡನೆ ಯಂತ್ರ ಬೆಚ್ಚಿ ತನ್ನ ಕಿವಿಯನ್ನು ಮುಚ್ಚಿಕೊಳ್ಳುತ್ತದೆ. ಅದು ಮತ್ತೆ ಕಿವಿ ತೆರೆಯುವಷ್ಟರಲ್ಲಿ ಅರ್ಥಧಾರಿಯ ಮೊದಲ ನಾಲ್ಕು ಮಾತುಗಳು ಪಿಸುಮಾತಿನಂತೆ ಕಳೆದುಹೋಗಿರುತ್ತವೆ.

ಇನ್ನೊಂದು ಗುಟ್ಟು ರಾತ್ರಿಯ ಹೊತ್ತಿನಲ್ಲಿ ತಿಳಿಯಿತು. ಹಗಲಿನಲ್ಲಿ ಚೆನ್ನಾಗಿ ಹೊಂದಿದ್ದ ಏರ್ಪಾಡು, ಇತರರ ನಿದ್ದೆ ಕೆಡದಿರಲೆಂದು ಧ್ವನಿಯನ್ನು ತಗ್ಗಿಸಿ ಸ್ಪೀಕರಿನಲ್ಲಿ ಕೇಳಿದಾಗ ಬಡಕಲಾಗಿ ಕೇಳುತ್ತದೆ; ಮದ್ದಳೆಯ ಗುಂ ಎಂಬ ನಾದವೇ ಇಲ್ಲವಾಗುತ್ತದೆ. ಇದು ಯಂತ್ರದ ದೋಷವಲ್ಲ, ಕಿವಿಯ ಸ್ವಭಾವ. ಸದ್ದು ಸಣ್ಣದಾದಂತೆ ನಮ್ಮ ಕಿವಿಯು ಕೆಳಗಿನ ನಾದಗಳನ್ನು ಹೆಚ್ಚು ಮರೆಯುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಆದುದರಿಂದ ಮೆಲ್ಲನೆ ಕೇಳುವಾಗ 230ನ್ನು ಮತ್ತೆ ಎರಡು ಮೂರು ಡೆಸಿಬೆಲ್ ಮೇಲೆ ತರುವುದು ನಮ್ಮ ಪದ್ಧತಿಯಾಯಿತು. ಹೊತ್ತಿಗೊಂದು ಹದ, ಕಿವಿಗೊಂದು ಹದ. ಎಲ್ಲ ಕಾಲಕ್ಕೂ ಸಲ್ಲುವ ಒಂದೇ ಹದವೆಂಬುದಿಲ್ಲ.

ಸಂಘದ ಹಿರಿಯರು ಮತ್ತು ಅವರ ಮನೆಯವರಿಗಾಗಿ ಇಲ್ಲಿ ಒಂದೆರಡು ಎಚ್ಚರಿಕೆಯ ಮಾತುಗಳನ್ನು ಸೇರಿಸುವುದು ಉಚಿತ. ಈಕ್ವಲೈಸರ್ ಶ್ರವಣ ಪರೀಕ್ಷೆಗೆ ಬದಲಿಯಲ್ಲ. ಮಾತು ತಿಳಿಯುತ್ತಿಲ್ಲವೆಂದು ಹಿರಿಯರು ಹೇಳಿದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಇಂದಿನ ಶ್ರವಣಸಾಧನಗಳು ಮಾಡುವುದೂ ಇದನ್ನೇ, ಇನ್ನೂ ಸೂಕ್ಷ್ಮವಾಗಿ: ಆಯಾ ಕಿವಿಯ ಕೊರತೆಯನ್ನು ಅಳೆದು, ಪಟ್ಟಿ ಪಟ್ಟಿಗೂ ಬೇಕಾದಷ್ಟೇ ಬಲ ಕೊಡುವುದು. ಕಿವಿಯೊಳಗೆ ಸಿಕ್ಕಿಸುವ ಇಯರ್‌ಫೋನಿಗಿಂತ ಕಿವಿಯನ್ನು ಹೊರಗಿನಿಂದ ಮುಚ್ಚುವ ಹೆಡ್‌ಫೋನ್ ಹಿರಿಯರಿಗೆ ಹಿತ. ಧ್ವನಿಯು ಸರಾಸರಿ 80 ಡೆಸಿಬೆಲ್ಲಿನಷ್ಟಿದ್ದರೆ ವಾರಕ್ಕೆ 40 ಗಂಟೆಗಳನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪ್ರಾಯದ ಮಕ್ಕಳು ಬಸ್ಸಿನ ಗದ್ದಲದಲ್ಲಿ ಬಾಸ್ ಏರಿಸಿ ಕೇಳುವುದನ್ನು ಕಂಡಾಗ ಈ ಮಾತನ್ನು ಅವರಿಗೂ ಹೇಳಬೇಕು.

ಅಮ್ಮನ ಕಿವಿಗೆ ಹದವಾದ ಮೇಲೆ ಪ್ಲೇಯರ್ ನಮ್ಮಲ್ಲಿ ಕಿರಿಯವನ ಮಗಳ ಕೈಗೆ ಬಂತು. ಅವಳು ಓದುವುದು ಮಲಯಾಳ ಮಾಧ್ಯಮದಲ್ಲಿ. ಮನೆಯಲ್ಲಿ ಕನ್ನಡ, ತೋಟದ ಕೆಲಸದವರೊಡನೆ ತುಳು, ಶಾಲೆಯಲ್ಲೂ ಪೇಟೆಯಲ್ಲೂ ಮಲಯಾಳ. ಸಪ್ತಭಾಷಾ ಸಂಗಮಭೂಮಿಯೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಈ ನೆಲದಲ್ಲಿ ಮಕ್ಕಳ ನಾಲಗೆ ಹೀಗೆಯೇ ಪಳಗುತ್ತದೆ. ಹದಿಮೂರರ ಎಳೆಯ ಕಿವಿ. ಐದೂ ಪಟ್ಟಿಗಳನ್ನು ನಡುಗೆರೆಗೆ ತಂದರೂ ಅವಳಿಗೆ ಒಂದೊಂದು ಅಕ್ಷರವೂ ಕೇಳುತ್ತದೆ. ಆದರೂ ಸ್ವಲ್ಪ ಹೊತ್ತಿನಲ್ಲಿ ಅವಳು ಹೇಳಿದ್ದು ಅಜ್ಜಿಯ ಮಾತನ್ನೇ: “ಕೇಳ್ತದೆ, ಎಂತ ಹೇಳುದು ಅಂತ ಗೊತ್ತಾಗುದಿಲ್ಲ.”

ಒಂದೇ ಮಾತು, ಕಾರಣಗಳು ಎರಡು. ಅಜ್ಜಿಗೆ ಅರ್ಥ ತಿಳಿದಿತ್ತು, ಅಕ್ಷರ ಕೇಳುತ್ತಿರಲಿಲ್ಲ. ಮೊಮ್ಮಗಳಿಗೆ ಅಕ್ಷರ ಕೇಳುತ್ತಿತ್ತು, ಅರ್ಥ ತಿಳಿಯುತ್ತಿರಲಿಲ್ಲ. ಮೊದಲನೆಯದಕ್ಕೆ 3,600ರ ಗುಬುಟು ಸಾಕಾಯಿತು. ಎರಡನೆಯದಕ್ಕೆ ಯಾವ ಪ್ಲೇಯರಿನಲ್ಲೂ ಗುಬುಟಿಲ್ಲ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ಕನ್ನಡದ ದನಿ ಇಲ್ಲಿ ಗಟ್ಟಿಯಾಗಿ ಕೇಳಬೇಕೆಂದು ಹಿರಿಯರು ಹೋರಾಡಿದ್ದಾರೆ. ಕಯ್ಯಾರ ಕಿಞ್ಞಣ್ಣ ರೈಗಳಂಥವರು ಬಾಳನ್ನೇ ಅದಕ್ಕೆ ತೆತ್ತಿದ್ದಾರೆ. ಆ ದನಿ ಬೇಕೇ ಬೇಕಾಗಿತ್ತು, ಇನ್ನೂ ಬೇಕು. ಆದರೆ ಮನೆಯೊಳಗಿನ ಮಗುವಿಗೆ ಬೇಕಾದದ್ದು ದನಿಯ ಬಲವಲ್ಲ, ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳುವ ಒಬ್ಬರು.

ಅಮ್ಮ ಕುಳಿತರು. ಹೆಡ್‌ಫೋನ್ ಬದಿಗಿರಿಸಿ ಸ್ಪೀಕರಿನಲ್ಲಿ ಹಾಕಿ, ನಾಲ್ಕು ಮಾತಿಗೊಮ್ಮೆ ನಿಲ್ಲಿಸಿ ಹೇಳತೊಡಗಿದರು. ವಾಲಿಯು ರಾಮನನ್ನು ‘ಮರೆಯಲ್ಲಿ ನಿಂತವನು’ ಎನ್ನುವಲ್ಲಿ ಹುಡುಗಿ ತಟ್ಟನೆ, “ಅದು ಗೊತ್ತುಂಟು, ಮಲಯಾಳದಲ್ಲಿಯೂ ಹಾಗೇ” ಎಂದಳು. ನಿಜ, ತೆರೆ, ಅಡ್ಡ ಎಂಬ ಅರ್ಥದ ಆ ಮಾತು ಎರಡು ಭಾಷೆಗಳಿಗೂ ತಾಯಿಮನೆಯ ಸೊತ್ತು. ಹಳಗನ್ನಡದಲ್ಲಿ ಅದನ್ನು ಶಕಟರೇಫದಿಂದ ‘ಮಱೆ’ ಎಂದು ಬರೆಯುತ್ತಿದ್ದರು. ನಾವು ಕೈಬಿಟ್ಟ ಆ ರೇಫವನ್ನು ಮಲಯಾಳ ಇಂದಿಗೂ ಉಚ್ಚರಿಸುತ್ತದೆ. ಅವಳ ಶಾಲೆಯ ಭಾಷೆ ಅವಳನ್ನು ಅಜ್ಜನ ಮಾತಿನಿಂದ ದೂರ ಒಯ್ಯುತ್ತಿದೆಯೆಂದು ಭಾವಿಸಿದ್ದ ನಮಗೆ, ಅದೇ ಭಾಷೆ ಒಂದು ಬಾಗಿಲನ್ನು ಒಳಗಿನಿಂದ ತೆರೆದು ಕೊಟ್ಟದ್ದನ್ನು ಕಂಡು ಸೋಜಿಗವಾಯಿತು. ಎಲ್ಲ ಮಾತಿಗೂ ಅಂಥ ಬಾಗಿಲಿರಲಿಲ್ಲ. ತಿಳಿಯದ ಮಾತುಗಳನ್ನು ಅವಳು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡಳು, ಮಲಯಾಳ ಲಿಪಿಯಲ್ಲಿ. ಬೇಸಗೆ ರಜೆ ಮುಗಿಯುವ ಹೊತ್ತಿಗೆ ಪುಟದ ಇನ್ನೊಂದು ಬದಿಯಲ್ಲಿ ಅವೇ ಮಾತುಗಳು ಕನ್ನಡ ಲಿಪಿಯಲ್ಲೂ ಮೂಡಿದ್ದವು.

ಮೊದಲ ಕ್ಯಾಸೆಟ್ಟಿನ ಒಂದು ಬದಿ ಮುಗಿಯುವುದು ವಾಲಿಯ ವಾದದ ನಡುವೆ. 45 ನಿಮಿಷಕ್ಕೆ ಟೇಪ್ ತೀರಿತು. ಮಾವ ಅದನ್ನು ಮಗುಚಿ ಹಾಕುವಷ್ಟರಲ್ಲಿ ತಂದೆಯವರು ಮುಂದೆ ಸಾಗಿದ್ದರು. ಎರಡನೆಯ ಬದಿ ಆರಂಭವಾಗುವುದು ಇನ್ನೊಂದು ವಾಕ್ಯದ ಅರ್ಧದಿಂದ. ನಡುವಿನದು ಎಲ್ಲೂ ಇಲ್ಲ. ಹುಡುಗಿ ಕೇಳಿದಳು: “ಅಜ್ಜಿ, ಇಲ್ಲಿ ಅಜ್ಜ ಎಂತ ಹೇಳಿದ್ದು?”

ಅಮ್ಮ ಆ ರಾತ್ರಿ ಅಡುಗೆಮನೆಯಲ್ಲಿದ್ದವರು. ಕಲಾವಿದರಿಗೂ ಕೇಳಬಂದವರಿಗೂ ಕಾಫಿ ಕಾಸುತ್ತ ಬಾಗಿಲ ಸಂದಿಯಿಂದ ಕೇಳಿಸಿಕೊಂಡವರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳತೊಡಗಿದರು. ತಂದೆಯವರ ವಾದದ ಸರಣಿ, ಅವರು ಕೊಟ್ಟ ಉಪಮೆ, ಯಾವ ಮಾತಿಗೆ ಸಭೆ ನಕ್ಕಿತು, ಎಲ್ಲಿ ಭಾಗವತರು ಮೆಲ್ಲನೆ ಶ್ರುತಿಗೂಡಿಸಿದರು ಎಂಬುದನ್ನೆಲ್ಲ ಬಿಡಿಸಿ ಹೇಳಿದರು. ನಾವು ಮೊಬೈಲಿನಲ್ಲಿ ಅದನ್ನು ಮುದ್ರಿಸಿಕೊಂಡೆವು. ಮೂಲ ಟೇಪಿನ ಪ್ರತಿಯನ್ನು ಏನನ್ನೂ ತಿದ್ದದೆ ಹಾಗೆಯೇ ಬೇರೆಯಾಗಿ ಇರಿಸಿದ್ದೇವೆ. ಮೂಲ ಪ್ರತಿಯನ್ನು ಮುಟ್ಟಬಾರದೆಂಬುದು ಈ ಕೆಲಸದ ಮೊದಲ ನಿಯಮ. ಕೇಳುವ ಪ್ರತಿಯಲ್ಲಿ ಮಾತ್ರ, ಒಂದು ಬದಿ ಮುಗಿದು ಇನ್ನೊಂದು ಆರಂಭವಾಗುವ ಕಡೆ ಅಮ್ಮನ ದನಿಯನ್ನು ಸೇರಿಸಿದೆವು. ಹನ್ನೊಂದು ನಿಮಿಷಗಳಷ್ಟಿದೆ. ಟೇಪ್ ಮಗುಚಲು ಮಾವನಿಗೆ ಒಂದು ನಿಮಿಷವೂ ಹಿಡಿದಿರಲಾರದು!

ಈ ಸಂಚಿಕೆಯನ್ನು ಓದುವ ಅನೇಕರ ಮನೆಗಳಲ್ಲಿ ಇಂಥ ಕ್ಯಾಸೆಟ್ಟುಗಳು ಇರಬಹುದು. ಮದುವೆಯ ಶೋಭಾನೆ, ಅಜ್ಜಿಯ ಪಾಡ್ದನ, ಸಂಘದ ಹಿಂದಿನ ಸಮ್ಮೇಳನಗಳ ಭಾಷಣ, ಯಾವುದೋ ಮಳೆಗಾಲದ ತಾಳಮದ್ದಳೆ. ನಮ್ಮ ಕಡೆಯ ತೇವ ಹವೆಯಲ್ಲಿ ಟೇಪಿಗೆ ಬೂಸಲು ಹಿಡಿಯಲು ಹೆಚ್ಚು ಕಾಲ ಬೇಡ. ಹೊರತೆಗೆದು, ಒರೆಸಿ, ಒಮ್ಮೆ ಇಳಿಸಿಕೊಳ್ಳಿರಿ. ಹದಗೊಳಿಸುವುದನ್ನು ಆಮೇಲೆ ಸಾವಕಾಶವಾಗಿ ಮಾಡಬಹುದು. ಆದರೆ ಅದಕ್ಕಿಂತ ಮೊದಲು, ಆ ರಾತ್ರಿ ಅಲ್ಲಿದ್ದವರು ಯಾರಾದರೂ ಇನ್ನೂ ಇದ್ದರೆ ಅವರನ್ನು ಕುಳ್ಳಿರಿಸಿಕೊಂಡು ಕೇಳಿರಿ. ಟೇಪ್ ಇನ್ನೊಂದು ವರ್ಷ ಕಾಯಬಹುದು. ಅವರು ಕಾಯುವರೆಂದು ಹೇಳಲಾಗದು.